ಜೇಬಿನ ನಿಮಿಷಗಳು

ಜನವರಿ 14

ಬುಕಿಂಗ್ ವಿಭಾಗದವರಿಗೆ,

ನಮಸ್ಕಾರ. ನಾನು ನಗರದ ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ವೇಳಾಪಟ್ಟಿ ಬರೆಯುವ ಗುಮಾಸ್ತನಾಗಿದ್ದು ನಿವೃತ್ತನಾದವನು. ನಿಮ್ಮ ಕಡೆಯ ನಾಲ್ಕು ವೈನರಿಗಳನ್ನು ಒಂದೇ ದಿನದಲ್ಲಿ ನೋಡಿ, ಅಲ್ಲಲ್ಲಿ ರುಚಿ ನೋಡಿ, ರಾತ್ರಿ ಊಟಕ್ಕೆ ಮನೆ ಸೇರುವ ಪ್ರವಾಸವೊಂದನ್ನು ನನ್ನ ಡಿಪೋ ಸ್ನೇಹಿತರಿಗಾಗಿ ಹಾಕಬೇಕೆಂದಿದ್ದೇನೆ. ನಾವು ಎಂಟು ಜನ. ಯಾರಿಗೂ ವೈನಿನ ಗಂಧಗಾಳಿ ಇಲ್ಲ. ಆದರೆ ಬಸ್ಸಿನಲ್ಲಿ ಹೇಗೆ ಕೂರಬೇಕೆಂಬುದು ಎಲ್ಲರಿಗೂ ಚೆನ್ನಾಗಿ ಗೊತ್ತು.

ಇದು ಅರ್ಜಿಯ ಭಾಗ. ಇನ್ನು ಮುಂದಿನದು ಅರ್ಜಿಯಲ್ಲ.

ಮೊನ್ನೆ ಕ್ಷೌರದ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದಾಗ ನಿಮ್ಮ ಕರಪತ್ರ ಕೈಗೆ ಸಿಕ್ಕಿತು. ಅದರಲ್ಲಿ ಗಾಜಿನ ಲೋಟಕ್ಕೆ ವೈನ್ ಸುರಿಯುತ್ತಿರುವ ಒಂದು ಕೈಯ ಚಿತ್ರವಿದೆ. ಮುಖವಿಲ್ಲ, ಗಡಿಯಾರ ಮಣಿಕಟ್ಟಿನ ಒಳಬದಿಗಿದೆ. ಗಡಿಯಾರವನ್ನು ಹಾಗೆ ಕಟ್ಟಿಕೊಳ್ಳುವವಳನ್ನು ನಾನು ಜೀವನದಲ್ಲಿ ಒಬ್ಬಳನ್ನೇ ನೋಡಿದ್ದೇನೆ. ಅವಳು ಒಂಬತ್ತು ವರ್ಷ ನನ್ನ ಸೊಸೆಯಾಗಿದ್ದಳು. ನಮ್ಮ ಮನೆ ಬಿಟ್ಟು ಹೋಗಿ ಈಗ ಆರು ವರ್ಷವಾಯಿತು. ಆ ಕೈ ಅವಳದಲ್ಲದಿದ್ದರೆ ಈ ಭಾಗವನ್ನು ಹರಿದು ಹಾಕಿ, ಅರ್ಜಿಯನ್ನಷ್ಟೇ ಪರಿಗಣಿಸಿ.

ಅವಳದೇ ಆಗಿದ್ದರೆ, ನೀನು ಚೆನ್ನಾಗಿದ್ದೀಯಾ ಎಂದು ಕೇಳಲು ನನಗೆ ಹಕ್ಕಿಲ್ಲ. ಆದರೂ ಕೇಳುತ್ತಿದ್ದೇನೆ. ಕರಪತ್ರದಲ್ಲಿ ಫೋನ್ ನಂಬರೂ ಇದೆ. ನನ್ನ ದನಿ ಕೇಳಿದೊಡನೆ ನೀನು ಫೋನ್ ಇಟ್ಟುಬಿಟ್ಟರೆ ಏನು ಮಾಡಲಿ ಎಂದು ಹೆದರಿ ಕಾಗದ ಬರೆದೆ. ಕಾಗದವನ್ನು ಅರ್ಧ ಓದಿ ಇಟ್ಟರೂ ಅರ್ಧವಾದರೂ ತಲುಪಿರುತ್ತದೆ.

ಇತಿ,
ವೇಳಾಪಟ್ಟಿ ವಿಭಾಗದ ನಿವೃತ್ತ ಗುಮಾಸ್ತ


ಜನವರಿ 30

ಮಾನ್ಯರೇ,

ನಿಮ್ಮ ಅರ್ಜಿ ತಲುಪಿದೆ. ಮೇ ತಿಂಗಳ ಶನಿವಾರಗಳು ಖಾಲಿ ಇವೆ. ಗುಂಪುಗಳಿಗೆ ನಮ್ಮ ನಿಯಮಗಳು ಹೀಗಿವೆ. ಬರುವವರು ಸೆಂಟು, ಪರಿಮಳದ ಎಣ್ಣೆ ಹಚ್ಚಿಕೊಳ್ಳಬಾರದು. ವೈನಿನ ವಾಸನೆ ಕೆಡುತ್ತದೆ. ನೆಲಮಾಳಿಗೆಯಲ್ಲಿ ಪೀಪಾಯಿಗಳ ನಡುವೆ ಚಳಿ ಇರುತ್ತದೆ, ಸ್ವೆಟರ್ ತರಬೇಕು. ಖಾಲಿ ಹೊಟ್ಟೆಯಲ್ಲಿ ಬರಬಾರದು. ರುಚಿ ನೋಡಿದ ವೈನನ್ನು ಉಗುಳಲು ಪಾತ್ರೆ ಇಟ್ಟಿರುತ್ತೇವೆ, ಸಂಕೋಚಪಡಬೇಕಾಗಿಲ್ಲ. ವಾಹನ ಓಡಿಸುವವರಿಗೆ ದ್ರಾಕ್ಷಿ ರಸ ಮಾತ್ರ.

ನಾಲ್ಕೂ ಕಡೆಯ ಬುಕಿಂಗನ್ನು ಇಲ್ಲಿಂದಲೇ ಮಾಡಿಕೊಡುತ್ತೇವೆ. ನಮ್ಮದು ದಾರಿಯಲ್ಲಿ ಕೊನೆಯದು.

ವಾಹನದಲ್ಲಿ ಬರುವ ಪ್ರತಿಯೊಬ್ಬರ ಪಟ್ಟಿ ಬೇಕು. ಪ್ರತಿಯೊಬ್ಬರದೂ. ಪಟ್ಟಿಯಲ್ಲಿ ಇಲ್ಲದವರು ಆ ದಿನ ಬಂದರೆ ಇಡೀ ಗುಂಪನ್ನು ಗೇಟಿನಲ್ಲೇ ಹಿಂದೆ ಕಳುಹಿಸಬೇಕಾಗುತ್ತದೆ.

ಇತಿ,
ಬುಕಿಂಗ್ ವಿಭಾಗ

ಕರಪತ್ರದ ಕೈ ನನ್ನದೇ.


ಫೆಬ್ರವರಿ 5

ಏನೆಂದು ಕರೆಯಲಿ ಎಂದು ಮೂರು ಹಾಳೆ ಹಾಳು ಮಾಡಿದೆ. ಹಾಗೇ ಶುರು ಮಾಡುತ್ತೇನೆ.

ನೀನು ಪಟ್ಟಿ ಕೇಳಿದ್ದು ಯಾಕೆಂದು ಗೊತ್ತಾಯಿತು. ಅವನು ಬರುವುದಿಲ್ಲ. ಅವನಿಗೆ ಈ ಪ್ರವಾಸದ ಸುದ್ದಿಯೇ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅವನು ಮತ್ತೆ ಮದುವೆಯಾಗಿ ಊರಿನ ಆ ತುದಿಯಲ್ಲಿದ್ದಾನೆ. ಭಾನುವಾರ ಬಂದು ನಲ್ಲಿ ರಿಪೇರಿ ಮಾಡಿ, ಕಾಫಿ ಕುಡಿದು ಹೋಗುತ್ತಾನೆ. ಒಳ್ಳೆಯ ಮಗನೇ. ಒಳ್ಳೆಯ ಮಗನಾದ ಮಾತ್ರಕ್ಕೆ ಒಳ್ಳೆಯ ಗಂಡನಾಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿದವರಿಲ್ಲ.

ಪಟ್ಟಿ: ನಾನು. ವ್ಯಾನ್ ಓಡಿಸಲು ನಾವು ಬ್ರೇಕ್ ಎಂದು ಕರೆಯುವವನು, ನಿನಗೆ ನೆನಪಿರಬಹುದು, ಮೂವತ್ತು ವರ್ಷ ಒಂದೂ ಅಪಘಾತ ಮಾಡದ ಡ್ರೈವರು, ಹನಿ ಮುಟ್ಟುವವನಲ್ಲ. ಗ್ರೀಸ್ ಎಂಬ ಅಡ್ಡಹೆಸರಿನ ಮೆಕ್ಯಾನಿಕ್. ಕಂಡಕ್ಟರುಗಳು ಮೂವರು. ಟಿಕೆಟ್ ಮುದ್ರಿಸುತ್ತಿದ್ದ ಅಣ್ಣ ಮತ್ತು ಅವರ ಹೆಂಡತಿ. ಉಗುಳುವ ಪಾತ್ರೆಯ ವಿಷಯ ಓದಿ ಹೇಳಿದಾಗ ಗ್ರೀಸ್, "ಉಗುಳೋಕೆ ಅಷ್ಟು ದೂರ ಹೋಗ್ಬೇಕೇನಯ್ಯಾ, ಇಲ್ಲೇ ಉಗುಳಿದ್ರಾಯ್ತು" ಅಂದ.

ಕರಡು ವೇಳಾಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಗುಡ್ಡದ ಮೇಲಿನದು ಮೊದಲು, ಹೊಳೆ ದಡದ್ದು ಎರಡನೆಯದು, ಆಮೇಲೆ ಅಣ್ಣತಮ್ಮಂದಿರದು, ಕೊನೆಗೆ ನಿಮ್ಮದು. ನಿಮ್ಮದಕ್ಕೆ ಹೆಚ್ಚು ಹೊತ್ತು ಇಟ್ಟಿದ್ದೇನೆ. ಕಾರಣ ಕೇಳಬೇಡ.

ಇತಿ,
ನಿನ್ನ ಮಾವನಾಗಿದ್ದವನು


ಫೆಬ್ರವರಿ 27

ಮಾನ್ಯರೇ,

ಪಟ್ಟಿ ಸಿಕ್ಕಿತು. ವೇಳಾಪಟ್ಟಿಯಲ್ಲಿ ಕೆಲವು ತಿದ್ದುಪಡಿಗಳಿವೆ.

ಗುಡ್ಡದ ಮೇಲಿನವರು ಬಿಳಿ ವೈನ್ ಮಾತ್ರ ಮಾಡುತ್ತಾರೆ. ಅದನ್ನು ಮೊದಲು ಇಟ್ಟದ್ದು ಸರಿ. ಕೆಂಪು ಕುಡಿದ ನಾಲಗೆಗೆ ಬಿಳಿ ನೀರಿನಂತಾಗುತ್ತದೆ. ಹೊಳೆ ದಡದಲ್ಲಿ ದ್ರಾಕ್ಷಿ ಹಿಂಡುವ ಹಳೆಯ ಮರದ ಗಾಣವಿದೆ, ಅದನ್ನು ತೋರಿಸುತ್ತಾ ಯಜಮಾನರು ಮಾತಿಗೆ ನಿಂತರೆ ಮುಗಿಯುವುದಿಲ್ಲ. ಊಟ ಅಲ್ಲೇ ಆಗಲಿ. ಅಣ್ಣತಮ್ಮಂದಿರಲ್ಲಿ ಅಣ್ಣ ಸುರಿದದ್ದನ್ನು ತಮ್ಮನ ಎದುರು ಹೊಗಳಬೇಡಿ, ತಮ್ಮ ಸುರಿದದ್ದನ್ನು ಅಣ್ಣನ ಎದುರು ಹೊಗಳಬೇಡಿ. ಅವರು ಒಂದೇ ಪೀಪಾಯಿಯಿಂದ ಸುರಿಯುತ್ತಾರೆ, ಆದರೂ.

ಇನ್ನೊಂದು ಮಾತು. ಪ್ರತಿ ನಿಲ್ದಾಣದಲ್ಲೂ ನೀವು ಮೂರು ಮೂರು ನಿಮಿಷ ಬಚ್ಚಿಟ್ಟಿದ್ದೀರಿ. ದಾರಿಯ ಉದ್ದ ನನಗೆ ಗೊತ್ತಿರುವುದರಿಂದ ಲೆಕ್ಕ ಹಾಕಿದೆ, ಸಿಕ್ಕಿಬಿತ್ತು. ನಿಮ್ಮ ಜೇಬಿನ ನಿಮಿಷಗಳು. ಬೋರ್ಡಿನಲ್ಲಿ ಎಂಟು ಹತ್ತು ಎಂದು ಬರೆದು, ಡ್ರೈವರ ಕೈಗೆ ಕೊಡುವ ಹಾಳೆಯಲ್ಲಿ ಎಂಟು ಹದಿಮೂರು ಎಂದು ಬರೆಯುತ್ತಿದ್ದಿರಲ್ಲ, ಓಡಿ ಬರುವವರಿಗಾಗಿ. ಮದುವೆಯಾದ ಹೊಸದರಲ್ಲಿ ನಾನು ದಿನಾ ಕೆಲಸಕ್ಕೆ ತಡವಾಗಿ ಓಡುವುದನ್ನು ನೋಡಲಾರದೆ ಅಡುಗೆಮನೆಯಲ್ಲಿ ಗುಟ್ಟಾಗಿ ಹೇಳಿದ್ದಿರಿ. "ನಿಧಾನಕ್ಕೆ ಇಳಿ ತಾಯಿ, ಬಸ್ಸಿನ ಜೇಬಲ್ಲಿ ಮೂರು ನಿಮಿಷ ಇದೆ, ಯಾರಿಗೂ ಹೇಳ್ಬೇಡ."

ಈ ಸಲ ಅವು ಬೇಡ. ನಮ್ಮಲ್ಲಿ ಒಂದು ಗುಂಪು ನಿಧಾನಿಸಿದರೆ ಮುಂದಿನ ಗುಂಪು ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಬರೆದ ಹೊತ್ತಿಗೆ ಬನ್ನಿ, ಬರೆದ ಹೊತ್ತಿಗೆ ಹೊರಡಿ.

ಇತಿ,
ಬುಕಿಂಗ್ ವಿಭಾಗ


ಮಾರ್ಚ್ 16

ಅಡುಗೆಮನೆಯ ಆ ಮಾತು ನಿನಗಿನ್ನೂ ನೆನಪಿದೆ ಎಂದು ಓದಿ, ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿ ಓದಿದೆ. ಡಿಪೋದ ಹೊರಗೆ ಆ ಗುಟ್ಟನ್ನು ನಾನು ಹೇಳಿದ್ದು ನಿನಗೊಬ್ಬಳಿಗೇ. ನಿನ್ನ ಅತ್ತೆ ಬದುಕಿದ್ದಾಗ ಅವಳಿಗೂ ಹೇಳಿರಲಿಲ್ಲ. ಹೇಳಿದ್ದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

ದಾರಿಯನ್ನು ಕಣ್ಣಾರೆ ನೋಡದೆ ವೇಳಾಪಟ್ಟಿ ಬರೆಯುವುದು ನನ್ನ ಜಾಯಮಾನವಲ್ಲ. ಹೋದ ಮಂಗಳವಾರ ಬೆಳಗ್ಗೆ ಏಳೂವರೆಯ ಬಸ್ಸು ಹತ್ತಿ, ಎರಡು ಕಡೆ ಇಳಿದು ಬೇರೆ ಬಸ್ಸು ಹಿಡಿದು, ನಾಲ್ಕೂ ಜಾಗಗಳ ದೂರ ಬರೆದುಕೊಂಡು ಬಂದೆ. ಗುಡ್ಡದ ತಿರುವಿನಲ್ಲಿ ಎರಡು ನಿಮಿಷ ಹೆಚ್ಚು ಬೇಕು. ನಿಮ್ಮ ಗೇಟಿನವರೆಗೂ ಬಂದೆ. ಗೇಟಿನ ಕಂಬದ ಮೇಲೆ ಕಲ್ಲಿನ ದ್ರಾಕ್ಷಿ ಗೊಂಚಲಿದೆ, ಅದರಲ್ಲಿ ಎರಡು ಹಣ್ಣು ಮುರಿದಿವೆ. ಸಮಯ ಬರೆದುಕೊಂಡು ಹಿಂದಿರುಗಿದೆ. ಒಳಗೆ ಬರಲಿಲ್ಲ. ನನಗೆ ಆ ದಿನದ ಬುಕಿಂಗ್ ಇರಲಿಲ್ಲವಲ್ಲ.

ಪಟ್ಟಿ ಸ್ವಲ್ಪ ಸಣ್ಣದಾಗಿದೆ. ಟಿಕೆಟ್ ಅಣ್ಣನಿಗೆ ಮಂಡಿ ನೋವು. ಅವರ ಹೆಂಡತಿ ಅವರನ್ನು ಬಿಟ್ಟು ಬರುವುದಿಲ್ಲ. ಕಂಡಕ್ಟರುಗಳಲ್ಲಿ ಒಬ್ಬನಿಗೆ ಮೊಮ್ಮಗು ಹುಟ್ಟಿದೆ. ನಾವೀಗ ಐವರು. ಗ್ರೀಸ್ ಮಾತ್ರ ಬಹಳ ಹುರುಪಿನಲ್ಲಿದ್ದಾನೆ. ಅಂಗಡಿಯಿಂದ ದ್ರಾಕ್ಷಿ ರಸ ತಂದು, ಬಕೆಟಿಗೆ ಉಗುಳಿ ಅಭ್ಯಾಸ ಮಾಡುತ್ತಿದ್ದಾನಂತೆ. ನಾನೂ ಒಂದು ಸಂಜೆ ಮೇಜಿನ ಮೇಲೆ ಎರಡು ಲೋಟ ಇಟ್ಟುಕೊಂಡು ಪ್ರಯತ್ನಿಸಿದೆ. ಒಂದರಲ್ಲಿ ರಸ, ಇನ್ನೊಂದು ಉಗುಳಲು. ಎದುರಿಗೆ ಯಾರಾದರೂ ಇದ್ದಿದ್ದರೆ ನಗು ಬರುತ್ತಿತ್ತು. ಒಬ್ಬನೇ ಕೂತು ಉಗುಳುವುದು ಏನೋ ಕಾಯಿಲೆಯವನ ಹಾಗೆ ಅನ್ನಿಸಿ ಎರಡನ್ನೂ ತೊಳೆದಿಟ್ಟೆ.

ಜೇಬಿನ ನಿಮಿಷಗಳನ್ನು ತೆಗೆಯಲು ಹೇಳಿದ್ದೀಯ. ಮೂವತ್ತೆಂಟು ವರ್ಷದ ಅಭ್ಯಾಸ. ನೋಡುತ್ತೇನೆ.

ಇತಿ,
ಮಾವನಾಗಿದ್ದವನು


ಏಪ್ರಿಲ್ 2

ನಿಮ್ಮ ಮನೆಯೆದುರಿನಿಂದ ಇಲ್ಲಿಗೆ ನೇರವಾಗಿ ಬರುವ ಬಸ್ಸು ಎಂಟು ಹತ್ತರದ್ದು. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ನೀವು ಏಳೂವರೆಯದು ಹಿಡಿದು, ಈ ವಯಸ್ಸಿನಲ್ಲಿ ಎರಡು ಕಡೆ ಇಳಿದು ಹತ್ತಿ ಬಂದಿರಿ. ಯಾಕೆಂದು ನನಗೆ ಗೊತ್ತು. ಆದ್ದರಿಂದ ಈಗ ಬುಕಿಂಗ್ ವಿಭಾಗವನ್ನು ಪಕ್ಕಕ್ಕಿಟ್ಟು ಕೇಳಿಯೇ ಬಿಡುತ್ತೇನೆ.

ಅವನು ತಟ್ಟೆಯನ್ನು ಗೋಡೆಗೆ ಎಸೆದಾಗ ನೀವು ಪಕ್ಕದ ಕೋಣೆಯಲ್ಲಿದ್ದಿರಿ. ಅವನು ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟಾಗ, ಒಂದೇ ಮೇಜಿನಲ್ಲಿ ಕೂತು "ಅವಳಿಗೆ ಉಪ್ಪು ಕೊಡೋಕೆ ಹೇಳಪ್ಪ" ಎನ್ನುತ್ತಿದ್ದಾಗ, ನೀವು ಉಪ್ಪನ್ನು ಇಸಿದುಕೊಂಡು ಅವನಿಗೆ ಕೊಡುತ್ತಿದ್ದಿರಿ. ನಾನು ನಿಮ್ಮನ್ನು ದೂರಲಿಲ್ಲ. ಮನೆಯಲ್ಲಿ ನನ್ನೊಡನೆ ಮಾತಾಡುತ್ತಿದ್ದವರು ನೀವೊಬ್ಬರೇ. ಅದೇ ದೊಡ್ಡದಾಗಿ ಕಾಣುತ್ತಿತ್ತು.

ಆ ದಿನ ಬೆಳಗ್ಗೆ ನಾನು ಒಂದು ಸೂಟ್‌ಕೇಸ್ ಹಿಡಿದು ಎಂಟು ಹತ್ತರ ಬಸ್ಸಿನಲ್ಲಿ ಕೂತೆ. ತಲೆಯೆತ್ತಿ ನೋಡಿದಾಗ ನೀವು ಮೂರನೇ ಮಹಡಿಯ ಕಿಟಕಿಯಲ್ಲಿದ್ದಿರಿ. ನನ್ನನ್ನು ನೋಡಿದಿರಿ. ಆಮೇಲೆ ಕಿಟಕಿಯಿಂದ ಮರೆಯಾದಿರಿ. ಇಳಿದು ಬರುತ್ತಿದ್ದೀರಿ ಎಂದುಕೊಂಡೆ. ಬಸ್ಸಿನ ಜೇಬಿನಲ್ಲಿ ಮೂರು ನಿಮಿಷ ಇದೆ ಎಂದು ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಆ ಬಸ್ಸಿನಲ್ಲಿದ್ದ ನಲವತ್ತು ಜನರಲ್ಲಿ ಬಸ್ಸು ಯಾಕೆ ನಿಂತಿದೆ ಎಂದು ಗೊತ್ತಿದ್ದದ್ದು ಡ್ರೈವರಿಗೆ ಮತ್ತು ನನಗೆ. ಮೂರು ನಿಮಿಷವೂ ನಿಮ್ಮ ಕಟ್ಟಡದ ಬಾಗಿಲನ್ನೇ ನೋಡುತ್ತಿದ್ದೆ. ಹಾಲಿನವನು ಹೊರಬಂದ. ಎರಡನೇ ಮಹಡಿಯ ಟೀಚರ್ ಹೊರಬಂದರು. ನೀವು ಬರಲಿಲ್ಲ.

ನೀವು ಏನು ಹೇಳಬೇಕಿತ್ತು ಎಂದು ನನಗೂ ಗೊತ್ತಿಲ್ಲ. ಸುಮ್ಮನೆ ಬಂದು ಕಿಟಕಿಯ ಹತ್ತಿರ ನಿಂತಿದ್ದರೂ ಸಾಕಿತ್ತು. ಯಾಕೆ ಬರಲಿಲ್ಲ? ಆರು ವರ್ಷದಿಂದ ನನಗೆ ಗೊತ್ತಾಗಬೇಕಿರುವುದು ಇದೊಂದೇ.

ಇದಕ್ಕೆ ಉತ್ತರ ಇಲ್ಲದಿದ್ದರೂ ಪ್ರವಾಸದ ಬುಕಿಂಗ್ ರದ್ದಾಗುವುದಿಲ್ಲ. ಚಿಂತೆ ಬೇಡ.

ಇತಿ,
ನಿಮ್ಮ ಸೊಸೆಯಾಗಿದ್ದವಳು


ಏಪ್ರಿಲ್ 26

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಐದು ಸಲ ಬರೆದೆ. ಬರೆದದ್ದನ್ನು ಓದಿದಾಗ ಪ್ರತಿ ಸಲವೂ ನಾನು ನಿಜಕ್ಕಿಂತ ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ. ಕಾಗದದಲ್ಲಿ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಉತ್ತರ ಇದೆ. ಎದುರಿಗೆ ನಿಂತು ಹೇಳುತ್ತೇನೆ. ಎದುರಿಗಾದರೆ ಸುಳ್ಳು ಸೇರಿಸಲು ನನಗೆ ಬರುವುದಿಲ್ಲ. ನಿನಗೇ ಗೊತ್ತಲ್ಲ, ಇಸ್ಪೀಟಿನಲ್ಲಿ ನೀನು ನನ್ನ ಮುಖ ನೋಡಿಯೇ ಗೆಲ್ಲುತ್ತಿದ್ದೆ. ಈಗ ನಿಜ ಹೇಳಿಬಿಡುತ್ತೇನೆ, ಈ ಪ್ರವಾಸ ಹುಟ್ಟಿದ್ದೇ ಅದಕ್ಕಾಗಿ. ಡಿಪೋ ಸ್ನೇಹಿತರು, ನಾಲ್ಕು ವೈನರಿ ಎಲ್ಲ ನೆಪ. ನಿನ್ನ ಅಂಗಳಕ್ಕೆ ಒಬ್ಬನೇ ಬಂದು ನಿಲ್ಲಲು ಧೈರ್ಯ ಸಾಲದೆ ಏಳು ಜನರನ್ನು ಕಟ್ಟಿಕೊಂಡೆ.

ಮೇ 19, ಶನಿವಾರ. ನೀನು ಅಲ್ಲಿರುತ್ತೀಯಾ?

ಇತಿ,
ಮಾವ


ಮೇ 4

ಮಾವ,

ಇರುತ್ತೇನೆ. ನಾಲ್ಕೂವರೆಗೆ ನಿಮ್ಮ ಗುಂಪಿಗೆ ನಾನೇ ಸುರಿಯುತ್ತೇನೆ. ಐದು ನಲವತ್ತರವರೆಗೆ ನಿಮ್ಮ ಹೊತ್ತು.

ನನಗೂ ಹೆದರಿಕೆ ಇದೆ. ಇಲ್ಲಿ ನಾನು ಬಾಟಲಿ ಉಗ್ರಾಣದ ಮೇಲಿನ ಕೋಣೆಯಲ್ಲಿದ್ದೇನೆ. ಒಂದು ಮಂಚ, ಒಂದು ಒಲೆ, ಅಂಗಳ ಕಾಣುವ ಒಂದು ಕಿಟಕಿ. ಹಗಲೆಲ್ಲ ನಗುವ ಜನ, ಹತ್ತತ್ತು ಹನ್ನೆರಡು ಹನ್ನೆರಡು. ಸುರಿಯುವವಳ ಮುಖ ಯಾರೂ ನೋಡುವುದಿಲ್ಲ, ಲೋಟ ನೋಡುತ್ತಾರೆ. ಅದು ನನಗೆ ಹಿತವಾಗಿಯೇ ಇತ್ತು. ಅವರು ಹೋದ ಮೇಲೆ ಲೋಟಗಳನ್ನು ತೊಳೆದು ಬೆಳಕಿಗೆ ಹಿಡಿದು ಒರೆಸುತ್ತೇನೆ. ಕೆಲವುಗಳ ಅಂಚಿನಲ್ಲಿ ತುಟಿಬಣ್ಣ ಉಳಿದಿರುತ್ತದೆ. ಇಡೀ ದಿನದಲ್ಲಿ ಜನರನ್ನು ಅಷ್ಟು ಹತ್ತಿರದಿಂದ ಕಾಣುವುದು ಆಗಲೇ. ಆರು ವರ್ಷದಲ್ಲಿ ನನ್ನನ್ನು ನೋಡಲೆಂದೇ ಯಾರೂ ಈ ಗೇಟು ದಾಟಿಲ್ಲ. ನೀವೇ ಮೊದಲು.

ಸ್ವೆಟರ್ ಮರೆಯಬೇಡಿ. ನಿಮಗೆ ಬೇಗ ನೆಗಡಿಯಾಗುತ್ತದೆ.

ಇತಿ,
ನಿಮ್ಮವಳು


ಮೇ 11

ಮಗಳೇ,

ಅಂತಿಮ ವೇಳಾಪಟ್ಟಿ ಇದರ ಜೊತೆಗಿದೆ. ಎಲ್ಲ ಬರೆದ ಹೊತ್ತಿಗೇ. ನಿಮ್ಮಲ್ಲಿ ನಾಲ್ಕೂವರೆಗೆ ಬರುವುದು, ಐದು ನಲವತ್ತಕ್ಕೆ ಹೊರಡುವುದು.

ಪಟ್ಟಿ ಮತ್ತೂ ಸಣ್ಣದಾಗಿದೆ. ಒಬ್ಬ ಕಂಡಕ್ಟರಿಗೆ ಕಣ್ಣಿನ ಆಪರೇಷನ್, ಇನ್ನೊಬ್ಬ ಫೋನೇ ಎತ್ತುತ್ತಿಲ್ಲ. ನಾನು, ಗ್ರೀಸ್, ಬ್ರೇಕ್. ಹದಿನಾಲ್ಕು ಸೀಟಿನ ವ್ಯಾನಿನಲ್ಲಿ ಮೂವರು. "ಒಬ್ಬೊಬ್ಬರಿಗೆ ಒಂದೊಂದು ಸಾಲು, ಮಲ್ಕೊಂಡೇ ಹೋಗ್ಬಹುದು" ಎಂದು ಗ್ರೀಸ್ ಖುಷಿಯಾಗಿದ್ದಾನೆ. ನನಗೂ ಬೇಸರವಿಲ್ಲ. ಈ ವಾರ ಎರಡು ಸಲ ಸ್ವೆಟರ್ ತೆಗೆದು ಬಿಸಿಲಿಗೆ ಹಾಕಿದ್ದೇನೆ.

ಇತಿ,
ಮಾವ


ಮೇ 20

ಮಗಳೇ,

ನಿನ್ನೆಯ ಪ್ರವಾಸ ಚೆನ್ನಾಗಿ ಆಯಿತು ಎಂದು ತಿಳಿಸಲು ಬರೆಯುತ್ತಿದ್ದೇನೆ.

ಗುಡ್ಡದ ಮೇಲಿನ ಬಿಳಿ ವೈನಿನಲ್ಲಿ ಹಸಿ ಸೇಬಿನ ವಾಸನೆ ಬರುತ್ತದೆ ಎಂದು ಅಲ್ಲಿನ ಹೆಂಗಸು ಹೇಳಿದರು. ನನಗೆ ಬರಲಿಲ್ಲ, ಆದರೂ ತಲೆಯಾಡಿಸಿದೆ. ಗ್ರೀಸ್ ಎಲ್ಲಿಯೂ ಉಗುಳಲಿಲ್ಲ. ಅಷ್ಟು ಅಭ್ಯಾಸ ಮಾಡಿದ್ದು ದಂಡವಾಯಿತು. ಹೊಳೆ ದಡದ ಯಜಮಾನರು ನೀನು ಹೇಳಿದಂತೆ ಗಾಣ ಹಿಡಿದು ನಿಂತವರು ಬಿಡಲೇ ಇಲ್ಲ. ಊಟವನ್ನು ಬೇಗ ಮುಗಿಸಿ ಸಮಯ ಸರಿಮಾಡಿಕೊಂಡೆ. ಅಣ್ಣತಮ್ಮಂದಿರಲ್ಲಿ ಇಬ್ಬರನ್ನೂ ಹೊಗಳದೆ ಪಾರಾದೆವು. ಅಷ್ಟು ಹೊತ್ತಿಗೆ ಗ್ರೀಸ್ ವ್ಯಾನಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ನಿಮ್ಮಲ್ಲಿಗೆ ನಾಲ್ಕೂವರೆಗೆ ಸರಿಯಾಗಿ ಬಂದೆವು. ನಮಗೆ ಸುರಿದವಳು ಒಳ್ಳೆಯ ಹುಡುಗಿ. ನೀನು ಇವತ್ತು ಇಲ್ಲ ಎಂದಳು. ಹೇಳುವಾಗ ಪಾಪ ನೆಲ ನೋಡುತ್ತಿದ್ದಳು. ಆರೋಗ್ಯ ಸರಿಯಿರಲಿಕ್ಕಿಲ್ಲ, ಇಲ್ಲವೇ ಏನೋ ತುರ್ತು ಬಂದಿರಬಹುದು. ನಾನು ಏನೂ ಅಂದುಕೊಂಡಿಲ್ಲ. ನಾಲ್ಕು ಲೋಟ ಸುರಿದಳು, ನಾಲ್ಕನ್ನೂ ನಿಧಾನಕ್ಕೆ ರುಚಿ ನೋಡಿದೆ. ಕೊನೆಯ ಕೆಂಪು ತುಂಬ ಚೆನ್ನಾಗಿತ್ತು. ಬೆಂಚಿನ ಮೇಲೆ ಕೂತು ಅಂಗಳ ನೋಡಿದೆ. ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ, ಯಾರಿಗಾದರೂ ಹೇಳಿ ಸರಿಮಾಡಿಸು.

ಐದು ನಲವತ್ತಕ್ಕೆ ನನ್ನ ಗಡಿಯಾರ ನೋಡಿ ವ್ಯಾನ್ ಹತ್ತಿದೆ. ಬ್ರೇಕ್ ಎಂಜಿನ್ ಶುರು ಮಾಡಿ ನನ್ನ ಮುಖ ನೋಡಿದ. "ಏನಪ್ಪಾ, ಜೇಬಲ್ಲಿ ಏನೂ ಇಲ್ವಾ ಇವತ್ತು?" ಅಂದ. ಇಲ್ಲ, ಹೊರಡು ಅಂದೆ. ನೀನು ತೆಗೆಯಲು ಹೇಳಿದ್ದೆ, ತೆಗೆದಿದ್ದೆ. ನಿನ್ನ ಒಂದು ಮಾತನ್ನಾದರೂ ನಡೆಸಿಕೊಟ್ಟೆ ಎಂದು ಸಮಾಧಾನ.

ಇತಿ,
ಮಾವ


ಮೇ 20

ಮಾವ,

ನಾನು ಅಲ್ಲೇ ಇದ್ದೆ.

ನಾಲ್ಕೂವರೆಗೆ ನಿಮ್ಮ ವ್ಯಾನ್ ಗೇಟಿನಲ್ಲಿ ತಿರುಗಿದ್ದನ್ನು ಮೇಲಿನ ಕಿಟಕಿಯಿಂದ ನೋಡಿದೆ. ನೀವು ಇಳಿದಿರಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಸ್ವೆಟರ್ ಇತ್ತು. ಓಡಿ ಕೆಳಗಿಳಿದು ಉಗ್ರಾಣದಲ್ಲಿ ಬಾಟಲಿ ಪೆಟ್ಟಿಗೆಗಳ ಹಿಂದೆ ಕೂತೆ. ಜೊತೆ ಕೆಲಸದವಳಿಗೆ, ನಾನು ಇಲ್ಲ ಅಂತ ಹೇಳಿಬಿಡು ಎಂದೆ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಮಗೆ ಗೊತ್ತಾಗಿಯೇ ಇರುತ್ತದೆ.

ಉಗ್ರಾಣದ ಬಾಗಿಲ ಸಂದಿಯಿಂದ ನಿಮ್ಮನ್ನು ಒಂದು ಗಂಟೆ ನೋಡಿದೆ. ಪ್ರತಿ ಸಲ ಬಾಗಿಲು ಸದ್ದು ಮಾಡಿದಾಗ ನೀವು ತಲೆಯೆತ್ತುತ್ತಿದ್ದಿರಿ. ಇನ್ನು ಐದು ನಿಮಿಷ, ಆಮೇಲೆ ಹೋಗುತ್ತೇನೆ ಎಂದುಕೊಳ್ಳುತ್ತಾ ಕೂತೆ. ನೀವು ಹೇಳುವ ಉತ್ತರ ನಾನು ಹೆದರಿದ್ದೇ ಆಗಿದ್ದರೆ? ನಾನು ಹೋದದ್ದು ನಿಮಗೂ ನಿರಾಳವಾಗಿತ್ತು ಎಂದರೆ? ಅದನ್ನು ಕೇಳಿಸಿಕೊಂಡು ಮತ್ತೆ ಆ ಕೋಣೆಗೆ ಹೇಗೆ ಹತ್ತುವುದು?

ಐದು ನಲವತ್ತಕ್ಕೆ ನೀವು ಎದ್ದು ಸ್ವೆಟರ್ ಹಾಕಿಕೊಂಡಿರಿ. ವ್ಯಾನ್ ಹತ್ತಿದಿರಿ. ಆಗ ನನಗೆ ವಿಚಿತ್ರವಾದ ಧೈರ್ಯ ಬಂತು. ಇನ್ನೂ ಮೂರು ನಿಮಿಷ ಇದೆ ಎಂದುಕೊಂಡೆ. ಮುಖ ತೊಳೆದೆ. ಏಪ್ರನ್ ಬಿಚ್ಚಿದೆ. ಐದು ನಲವತ್ತೊಂದಕ್ಕೆ ಅಂಗಳಕ್ಕೆ ಬಂದೆ. ವ್ಯಾನ್ ಆಗಲೇ ಗೇಟು ದಾಟುತ್ತಿತ್ತು. ನೀವು ಮುಂದಿನ ಸೀಟಿನಲ್ಲಿದ್ದಿರಿ, ಹಿಂದೆ ನೋಡಲಿಲ್ಲ. ರಸ್ತೆಯವರೆಗೂ ಓಡಿದೆ. ಕೂಗಿದೆ ಕೂಡ. ಕಲ್ಲಿನ ಗೊಂಚಲಿನ ಹತ್ತಿರ ನಿಂತುಬಿಟ್ಟೆ.

ಜೇಬಿನ ನಿಮಿಷ ತೆಗೆಯಿರಿ ಎಂದವಳು ನಾನೇ. ನೀವು ತೆಗೆಯುತ್ತೀರಿ ಎಂದು ಮಾತ್ರ ಒಂದು ಗಳಿಗೆಯೂ ನಂಬಿರಲಿಲ್ಲ. ನೀವು ಯಾರ ಮಾತಿಗೂ ಅದನ್ನು ತೆಗೆದವರಲ್ಲ. ಮೇಲಧಿಕಾರಿ ನೋಟಿಸು ಕೊಟ್ಟಾಗಲೂ ತೆಗೆದಿರಲಿಲ್ಲ. ನನ್ನ ಮಾತಿಗೆ ತೆಗೆದಿರಿ.

ಆರು ವರ್ಷ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ನಿನ್ನೆ ಪೆಟ್ಟಿಗೆಗಳ ಹಿಂದೆ ಕೂತಾಗ, ಹೆದರಿದವರಿಗೆ ಒಂದು ಬಾಗಿಲು ದಾಟುವುದು ಎಷ್ಟು ದೂರವಾಗುತ್ತದೆ ಎಂದು ಗೊತ್ತಾಯಿತು. ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳುವುದಿಲ್ಲ. ಆದರೆ ಉತ್ತರ ಇನ್ನೂ ಬೇಕು. ಈ ಸಲ ಕಾಗದದಲ್ಲೇ ಆಗಲಿ. ನೀವು ಸ್ವಲ್ಪ ಒಳ್ಳೆಯವರಾಗಿ ಕಂಡರೂ ಪರವಾಗಿಲ್ಲ, ನಾನು ಅಷ್ಟನ್ನು ಕಳೆದು ಓದಿಕೊಳ್ಳುತ್ತೇನೆ.

ಇತಿ,
ನಿಮ್ಮ ಸೊಸೆ

ನೀವು ಕುಡಿದ ನಾಲ್ಕು ಲೋಟಗಳನ್ನು ನಾನೇ ತೊಳೆದೆ.


ಮೇ 25

ಮಗಳೇ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಿನ್ನದು ಓದಿ ನನ್ನದನ್ನು ನೆನೆದು ನಾಚಿಕೆಯಾಯಿತು. ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಬರೆದಿದ್ದೆನಲ್ಲ. ಬಾಗಿಲ ಸಂದಿಯಲ್ಲಿ ನೀನಿರುವಾಗ ನಾನು ಗೋಡೆ ಗಡಿಯಾರದ ತಪ್ಪು ಹುಡುಕುತ್ತಿದ್ದೆ.

ಉತ್ತರ ಬರೆಯುತ್ತೇನೆ. ಏನನ್ನೂ ಕಳೆಯಬೇಕಾಗದ ಹಾಗೆ.

ಆ ದಿನ ನಾನು ಮೆಟ್ಟಿಲು ಇಳಿದೆ. ಮೊದಲನೇ ಮಹಡಿಯವರೆಗೆ ಬಂದೆ. ಅಲ್ಲಿ ಗೋಡೆಗೆ ಒರಗಿ ಗಡಿಯಾರ ನೋಡಿದೆ. ಎಂಟು ಹನ್ನೊಂದು. ಎರಡು ನಿಮಿಷ ಉಳಿದಿತ್ತು. ಇನ್ನು ಹದಿನೆಂಟು ಮೆಟ್ಟಿಲು. ಒಂದು ನಿಮಿಷವೂ ಬೇಡ. ಬಂದಿದ್ದರೆ ನಿನಗೆ ಏನಾದರೂ ಹೇಳಬೇಕಾಗುತ್ತಿತ್ತು. ಹೋಗಬೇಡ ಅಂದರೆ ನಿನ್ನನ್ನು ಮತ್ತೆ ಆ ಮೇಜಿಗೆ, ಆ ಗೋಡೆಗೆ ಕಳುಹಿಸಿದ ಹಾಗೆ. ಹೋಗು ಅಂದರೆ ಮಗನಿಗೆ ಎದುರು ನಿಂತ ಹಾಗೆ. ಎರಡನೆಯದೇ ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಎರಡು ನಿಮಿಷ ಮುಗಿಯಲಿ ಎಂದು ಕಾದೆ. ಮುಗಿದುಹೋದರೆ ನಾನು ಏನೂ ಮಾಡಬೇಕಾಗಿಲ್ಲವಲ್ಲ. ಟೀಚರ್ ನನ್ನ ಪಕ್ಕದಲ್ಲೇ ಇಳಿದು ಹೋದರು, ಹುಷಾರಿಲ್ವಾ ಎಂದು ಕೇಳಿದರು. ಹುಷಾರಾಗಿದ್ದೀನಿ ಅಂದೆ. ಬಸ್ಸು ಹೊರಟ ಸದ್ದು ಕೇಳಿದಾಗ ನನಗೆ ನಿರಾಳವಾಯಿತು. ನೀನು ಹೋದದ್ದಕ್ಕಲ್ಲ. ಇಳಿಯುವುದು ತಪ್ಪಿತಲ್ಲ ಎಂದು. ಆ ನಿರಾಳ ಮೇಲೆ ಹತ್ತುವಷ್ಟರಲ್ಲಿ ಮುಗಿದುಹೋಯಿತು. ಒಲೆಯ ಮೇಲೆ ನೀನು ನನಗೆ ಮುಚ್ಚಿಟ್ಟ ಕಾಫಿ ಇನ್ನೂ ಬಿಸಿಯಾಗಿತ್ತು.

ಊರಿನವರಿಗೆಲ್ಲ ಮೂರು ನಿಮಿಷ ಬಚ್ಚಿಟ್ಟು ಕೊಟ್ಟವನು ನಿನ್ನ ಮೂರು ನಿಮಿಷವನ್ನು ಮೆಟ್ಟಿಲ ಮೇಲೆ ನಿಂತು ತಿಂದುಬಿಟ್ಟೆ. ನಿನ್ನ ಪರ ನಿಲ್ಲಬೇಕಿತ್ತು. ಹೆದರಿದೆ. ತಪ್ಪಾಯಿತು. ನಿನಗೆ ಹೇಳಬೇಕೆಂದಿದ್ದದ್ದು ಇಷ್ಟೇ. ಇದಕ್ಕಾಗಿ ಗ್ರೀಸ್‌ಗೆ ನಾಲ್ಕು ವೈನರಿಯ ವೈನ್ ಕುಡಿಸಬೇಕಾಯಿತು.

ಅವತ್ತಿನಿಂದ ಎಂಟು ಹತ್ತರ ಬಸ್ಸನ್ನು ನಾನು ಹತ್ತಿಲ್ಲ. ಬೆಳಗ್ಗೆ ಅದು ಬಂದು ನಿಲ್ಲುವ ಹೊತ್ತಿಗೆ ಕಿಟಕಿಯ ಹತ್ತಿರ ಹೋಗುವುದಿಲ್ಲ, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನಿಲ್ಲುತ್ತೇನೆ. ಈಗ ಹೊಸ ವೇಳಾಪಟ್ಟಿಯೊಂದನ್ನು ಬರೆದಿದ್ದೇನೆ. ಗ್ರೀಸ್ ಬೇಡ, ವ್ಯಾನೂ ಬೇಡ. ನಿನಗೆ ಬೇಡವೆಂದರೆ ಒಂದು ಸಾಲು ಬರೆ, ಬರುವುದಿಲ್ಲ.

ಜೂನ್ 9, ಶನಿವಾರ. ಪ್ರಯಾಣಿಕರು: ಒಬ್ಬ.
ಮನೆಯೆದುರಿನ ನಿಲ್ದಾಣದಿಂದ ಹೊರಡುವುದು: ಬೆಳಗ್ಗೆ 8:10
ಕಲ್ಲಿನ ಗೊಂಚಲಿನ ಗೇಟು ಸೇರುವುದು: 11:25
ಗೇಟಿನಿಂದ ಹೊರಡುವುದು:

ಕೊನೆಯ ಖಾನೆ ತುಂಬಲು ಮರೆತದ್ದಲ್ಲ. ನೀನು ಬರುವವರೆಗೆ ನಾನು ಅಲ್ಲೇ ಇರುತ್ತೇನೆ.

ಇತಿ,
ಮಾವ